ಏಳು ತಿಂಗಳ ಕೊಂಡಿ

ವೀರೇಶನಿಗೆ ಸಿಟ್ಟು ಬರುವುದು ತಡ, ಹೋಗುವುದು ಇನ್ನೂ ತಡ. ಇಳಕಲ್ಲಿನ ಅವನ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹತ್ತು ವರ್ಷದವನಿದ್ದಾಗ ಗೆಳೆಯನೊಬ್ಬ ಅವನ ಬುಗುರಿ ಕದ್ದಿದ್ದನಂತೆ. ಹದಿನಾರು ವರ್ಷ ಕಳೆದು ಅದೇ ಗೆಳೆಯನ ಮದುವೆಯಲ್ಲಿ ಮುಯ್ಯಿ ಕೊಡಲು ವೇದಿಕೆ ಹತ್ತಿದ ವೀರೇಶ, ಮದುಮಗನ ಕಿವಿಯ ಹತ್ತಿರ ಬಾಗಿ, ‘ನನ್ನ ಬಗರಿ ಎಲ್ಲೈತಿ?’ ಎಂದು ಕೇಳಿ ಇಳಿದುಬಂದ. ಫೋಟೋದಲ್ಲಿ ಮದುಮಗನ ಮುಖ ಇವತ್ತಿಗೂ ಪೆಚ್ಚಾಗಿಯೇ ಇದೆ. ಇಂಥವನಿಗೆ ಅನ್ಯಾಯ ಮಾಡುವವರು ನಾಲ್ಕು ಸಲ ಯೋಚಿಸಬೇಕು. ಯೋಚಿಸಿಯೂ ಮಾಡಿದವಳು ಒಬ್ಬಳೇ, ಅವನ ಒಡಹುಟ್ಟಿದ ಅಕ್ಕ ಸುಮಾ.

ವೀರೇಶನದು ನೇಕಾರರ ಮನೆತನ. ಓಣಿಯ ಅರ್ಧ ಜನ ಪವರ್‌ಲೂಮಿಗೆ ಹೋದರು, ಉಳಿದರ್ಧ ಜನ ಅಂಗಡಿ ಹಾಕಿದರು. ಇವನು ಮಾತ್ರ ಅಪ್ಪ ಶಿವಸಂಗಪ್ಪ ಬಿಟ್ಟುಹೋದ ಕುಣಿಮಗ್ಗವನ್ನೇ ಹಿಡಿದು ಕೂತಿದ್ದ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಊಟದ ಹೊತ್ತಿನವರೆಗೆ ಏಳುವ ಮಾತಿಲ್ಲ. ಮಗಳು ಬನಶ್ರೀ ಅವನ ಪಕ್ಕದಲ್ಲೇ ಬೆಳೆದಳು. ಬಾದಾಮಿಯ ಬನಶಂಕರಿಗೆ ಹರಕೆ ಹೊತ್ತು ಪಡೆದ ಕೂಸು, ಮನೆಯವರ ಬಾಯಲ್ಲಿ ಬನಿ. ಹೆಂಡತಿ ಅನುರಾಧಾಳಿಗೆ ಒಲೆ, ನೀರು, ಬಟ್ಟೆ ಎಂದು ಕಾಲಿಗೆ ಬಿಡುವಿಲ್ಲ. ತಾಯಿ ಬಾಳವ್ವನಿಗೆ ಕಣ್ಣು ಮಂಜು. ಮಗುವಿನ ಮುಖದ ಎತ್ತರಕ್ಕೇ ತನ್ನ ಮುಖ ಇಟ್ಟುಕೊಂಡು ದಿನವಿಡೀ ಕೂರುವವನು ಆ ಮನೆಯಲ್ಲಿ ಅವನೊಬ್ಬನೇ. ಹಾಗಾಗಿ ಮೊದಲು ಕಂಡದ್ದೂ ಅವನಿಗೇ.

ಬನಿ ಲಾಳಿಯನ್ನು ನೋಡುತ್ತಿದ್ದಳು, ಅಪ್ಪನನ್ನು ನೋಡುತ್ತಿರಲಿಲ್ಲ. ಆ ಅಂಚಿನಿಂದ ಈ ಅಂಚಿಗೆ ಹಾಯುವ ಲಾಳಿಯ ಹಿಂದೆ ಅವಳ ಕಣ್ಣು ತಾಸುಗಟ್ಟಲೆ ಓಡುತ್ತಿತ್ತು. ಮಗ್ಗ ನಿಂತರೆ ನೆಲಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಮತ್ತೆ ನೇಯಿ ಎನ್ನಬೇಕಾದರೆ ಅವನ ಮಣಿಕಟ್ಟು ಹಿಡಿದು ಕೈಯನ್ನು ಒಯ್ದು ಲಾಳಿಯ ಮೇಲೆ ಇಡುತ್ತಿದ್ದಳು. ಕೈಗೆ ಒಬ್ಬ ಯಜಮಾನ ಇದ್ದಾನೆ ಎಂಬುದು ಅವಳಿಗೆ ಬೇಕಾಗಿರಲಿಲ್ಲ. ‘ಬನೀ’ ಎಂದು ಹತ್ತು ಸಲ ಕರೆದರೂ ತಿರುಗುತ್ತಿರಲಿಲ್ಲ. ಆದರೆ ಅಡುಗೆಮನೆಯಲ್ಲಿ ಬಿಸ್ಕೀಟಿನ ಪೊಟ್ಟಣ ಸರಕ್ಕೆಂದರೆ ಎದ್ದು ಓಡುತ್ತಿದ್ದಳು. ಕಿವಿ ಚುರುಕಾಗಿಯೇ ಇತ್ತು. ಮಾತು ಎಂದರೆ ಒಂದೇ, ‘ಅಪ’. ಅದನ್ನೂ ಅವಳು ಅಪ್ಪನಿಗೆ ಅನ್ನುತ್ತಿದ್ದಳೋ ಲಾಳಿಗೆ ಅನ್ನುತ್ತಿದ್ದಳೋ ಯಾರಿಗೆ ಗೊತ್ತು. ವೀರೇಶ ತನಗೇ ಎಂದುಕೊಂಡಿದ್ದ.

ಮನೆಯಲ್ಲಿ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಳವ್ವ ದಿನಾ ಬೆಳಿಗ್ಗೆ ಬಜೆಯ ಬೇರು ತೇಯ್ದು ಜೇನಿನಲ್ಲಿ ಕಲಸಿ ಮೊಮ್ಮಗಳ ನಾಲಿಗೆಗೆ ತಿಕ್ಕಿದಳು. ಗಿಳಿ ಕಚ್ಚಿದ ಪೇರಲ ಹಣ್ಣು ತಿಂದರೆ ಮಾತು ಬರುತ್ತದೆಂದು ಎಲ್ಲಿಂದಲೋ ತರಿಸಿದಳು. ಬನಿ ಅದನ್ನು ನೆಲದ ಮೇಲೆ ಉರುಳಿಸಿ ಆಡಿದಳು. ‘ಏನೂ ಇಲ್ಲಪಾ ಕೂಸಿಗೆ, ದೋಷ ನಿನ್ನ ಕಣ್ಣಾಗೈತಿ,’ ಎಂದಳು ಬಾಳವ್ವ. ಅನುರಾಧಾ ಹೆದರಿದ್ದಳು. ಹೆದರಿದ್ದರಿಂದಲೇ, ‘ನಮ್ಮಣ್ಣ ನಾಕ ವರ್ಷಕ್ಕ ಮಾತಾಡಿದ್ನಂತ, ಸುಮ್ನಿರ್ರಿ ನೀವು,’ ಎಂದು ಗಂಡನ ಬಾಯಿ ಮುಚ್ಚಿಸುತ್ತಿದ್ದಳು.

ಸುಮ್ಮನಿರಬೇಡ ಎಂದವಳು ರಂಜಾನಬಿ ಒಬ್ಬಳೇ. ಪಕ್ಕದ ಓಣಿಯ ಈ ಹೆಂಗಸು ಇಪ್ಪತ್ತು ವರ್ಷದಿಂದ ಅವನ ಮಗ್ಗಕ್ಕೆ ನೂಲು ಸುತ್ತಿಕೊಡುತ್ತಿದ್ದಳು. ಒಂದು ಮಧ್ಯಾಹ್ನ ಬನಿಯನ್ನೇ ನೋಡುತ್ತಾ ಕೂತವಳು ಹೇಳಿದಳು: ‘ತಮ್ಮಾ, ನನ್ನ ತಂಗಿ ಮೊಮ್ಮಗ ಹಿಂಗ ಇದ್ದ. ಇವತ್ತ ಮಾತಾಡ್ತಾನ ನಾಳಿ ಮಾತಾಡ್ತಾನ ಅಂತ ಎಂಟ ವರ್ಷ ಕುಂತ್ರು. ಎರಡು ಮೂರು ವರ್ಷದಾಂವ ಇದ್ದಾಗ ತಂದಿದ್ರ ಭಾಳ ಕಲೀತಿದ್ದ ಅಂದ್ರಂತ ಡಾಕ್ಟರು. ನೀ ಕುಂದರಬ್ಯಾಡ. ಬಾಗಲಕೋಟಿಗೆ ಹೋಗು.’ ಆ ಎರಡು ಮೂರು ವರ್ಷ ಎಂಬ ಮಾತು ವೀರೇಶನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತು. ಬನಿಗೆ ಆಗ ಇಪ್ಪತ್ತಮೂರು ತಿಂಗಳು.

ಹೊರಡುವ ಮುಂಚೆ ಅಕ್ಕನನ್ನು ಕೇಳಿದ. ಸುಮಾಳ ಗಂಡನ ಮನೆ ಅದೇ ಓಣಿಯಲ್ಲಿ, ನಾಲ್ಕು ಮನೆ ಆಚೆ. ಓಣಿಯ ಅಂಗನವಾಡಿ ಅವಳ ಕೈಯಲ್ಲಿತ್ತು. ಹುಟ್ಟಿದ ಪ್ರತಿ ಕೂಸನ್ನು ತೂಗುವವಳು ಅವಳು, ಮೊಟ್ಟೆ ಹಂಚುವವಳು ಅವಳು. ಎಲ್ಲರೂ ಅವಳನ್ನು ಅಕ್ಕೋರು ಎನ್ನುತ್ತಿದ್ದರು, ಎದುರಿಗೆ ಬಂದರೆ ಕಟ್ಟೆಯಿಂದ ಏಳುತ್ತಿದ್ದರು. ‘ಇನ್ನೂರು ಕೂಸು ನೋಡೇನಿ ನಾನು. ಬನಿಗೆ ಏನೂ ಆಗಿಲ್ಲ. ಬೇಕಾದ್ರ ತಾಯಿ ಕಾರ್ಡ್ ಒಯ್ದು ತೋರಸು,’ ಎಂದಳು. ತಾಯಿ ಕಾರ್ಡೆಂದರೆ ಬಸುರಿನಿಂದ ಹಿಡಿದು ಮಗುವಿನ ತೂಕ, ಲಸಿಕೆ, ಬೆಳವಣಿಗೆ ಎಲ್ಲ ಬರೆಯುವ ಹಾಳೆ. ಅದರಲ್ಲಿ ಮಗು ನಗುವ, ಕೂರುವ, ಟಾಟಾ ಮಾಡುವ ಚಿತ್ರಗಳಿರುತ್ತವೆ. ಮಗು ಅದನ್ನು ಮಾಡಿದ್ದು ಕಂಡರೆ ಪಕ್ಕದ ಚೌಕದಲ್ಲಿ ಅಂಗನವಾಡಿಯವರು ಟಿಕ್ ಹಾಕಿ ತಾರೀಖು ಬರೆಯಬೇಕು.

ಬಾಗಲಕೋಟೆಯ ದೊಡ್ಡ ದವಾಖಾನೆಯೊಂದರಲ್ಲಿ ಮೂರು ತಾಸು ಕಾದರು. ಸರದಿ ಬರುವಷ್ಟರಲ್ಲಿ ಬನಿ ತಾಯಿಯ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಡಾಕ್ಟರು ಕಾರ್ಡು ತೆರೆದು ನೋಡಿದರು. ‘ಹೆಸರು ಕರೆದರೆ ತಿರುಗುತ್ತಾಳೆ, ಟಾಟಾ ಮಾಡುತ್ತಾಳೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾಳೆ. ಎಲ್ಲ ಸರಿ ಇದೆಯಲ್ಲ,’ ಎಂದರು. ವೀರೇಶ ‘ಇಲ್ರಿ’ ಎಂದ. ಡಾಕ್ಟರು ಅನುರಾಧಾಳತ್ತ ತಿರುಗಿದರು. ಅವಳು ನೆಲ ನೋಡುತ್ತಾ, ‘ಒಮ್ಮೊಮ್ಮೆ ತಿರುಗತಾಳ್ರಿ,’ ಎಂದಳು. ಹೊರಗೆ ನಲವತ್ತು ಜನ ನಿಂತಿದ್ದರು. ಅಂಗನವಾಡಿಯವರು ನೋಡದೆ ಬರೆಯುತ್ತಾರೆಯೇ, ಕೆಲವು ಮಕ್ಕಳಿಗೆ ಮಾತು ತಡ, ಆರು ತಿಂಗಳು ಬಿಟ್ಟು ಬನ್ನಿ ಎಂದರು ಡಾಕ್ಟರು.

ವೀರೇಶ ಹಗುರಾಗಿ ಮನೆಗೆ ಬಂದ. ಇದನ್ನು ನೆನೆಸಿಕೊಂಡರೆ ಅವನಿಗೆ ಈಗಲೂ ಮೈ ಉರಿಯುತ್ತದೆ. ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಕರದಂಟು ಕೊಂಡು, ಅರ್ಧ ಕಿಲೋ ಅಕ್ಕನ ಮನೆಗೂ ಕೊಟ್ಟಿದ್ದ.

ಆರು ತಿಂಗಳು ಏಳಾಯಿತು. ಆ ಏಳು ತಿಂಗಳಲ್ಲಿ ಇದ್ದ ಒಂದು ಮಾತೂ ಹೋಯಿತು. ‘ಅಪ’ ಎಂಬುದು ಯಾವತ್ತು ನಿಂತಿತು ಎಂದು ಅವನಿಗೆ ಹೇಳಲು ಬರುವುದಿಲ್ಲ. ಇವತ್ತು ಅಂದಿಲ್ಲವಲ್ಲ ಎಂದು ಒಂದು ದಿನ ಅನ್ನಿಸಿತು, ನಾಳೆ ಅಂದಾಳು ಎಂದುಕೊಂಡ, ಆ ನಾಳೆ ಬರಲೇ ಇಲ್ಲ. ಮತ್ತೆ ಬಾಗಲಕೋಟೆಗೆ ಹೋಗೋಣವೆಂದು ಟ್ರಂಕಿನಿಂದ ಕಾರ್ಡು ತೆಗೆದವನು, ಈ ಸಲ ಕುಣಿಯ ಅಂಚಿಗೆ ಕೂತು ಒಂದೊಂದೇ ಚೌಕ ಓದಿದ. ಎಂಟು ಟಿಕ್ಕು, ಎಲ್ಲವೂ ಒಂದೇ ನೀಲಿ ಶಾಯಿ. ‘ಟಾಟಾ ಮಾಡುತ್ತದೆ’ ಎಂಬುದರ ಪಕ್ಕದ ತಾರೀಖಿನ ಮೇಲೆ ಅವನ ಬೆರಳು ನಿಂತಿತು. ಆ ದಿನ ಬನಿ ಇಳಕಲ್ಲಿನಲ್ಲೇ ಇರಲಿಲ್ಲ. ಅನುರಾಧಾಳ ಅಣ್ಣ ಬಾದಾಮಿಯಲ್ಲಿ ಹೊಸ ಮನೆ ಕಟ್ಟಿಸಿ ವಾಸ್ತು ಮಾಡಿದ ದಿನ ಅದು. ಆ ಮನೆಯ ಹೊಸ್ತಿಲ ಮೇಲೆ ಬನಿ ಕೂತ ಫೋಟೋ ಅವನ ಫೋನಿನಲ್ಲಿತ್ತು, ತಾರೀಖಿನ ಸಮೇತ.

ಅಂಗನವಾಡಿಗೆ ಹೋದಾಗ ಮಕ್ಕಳು ಉಂಡು ಮಲಗಿದ್ದರು. ಸುಮಾ ತೊಗರಿಬೇಳೆ ಅಳೆದು ಡಬ್ಬಿಗೆ ಹಾಕುತ್ತಿದ್ದಳು. ವೀರೇಶ ಕಾರ್ಡನ್ನೂ ಫೋನನ್ನೂ ಅವಳ ಮುಂದೆ ಹಿಡಿದ.

‘ಈ ತಾರೀಖಿಗೆ ಬನಿ ಬಾದಾಮ್ಯಾಗಿದ್ಲು. ಟಾಟಾ ನಿನಗ ಎಲ್ಲಿಂದ ಮಾಡಿದ್ಲಕ್ಕಾ?’

ಸುಮಾ ನೋಡಿದಳು. ಮೊದಲು ನಕ್ಕಳು. ‘ಒಂದಿನ ಹಿಂದ ಮುಂದ ಆಗಿರತೈತಿ. ಎಲ್ಲಾರ ಕಾರ್ಡೂ ಒಮ್ಮೆ ಕುಂತು ತುಂಬತೇವಪಾ. ಮೀಟಿಂಗಿನ್ಯಾಗ ಖಾಲಿ ಚೌಕ ತೋರಿಸಿದ್ರ ಮ್ಯಾಲಿನೋರು ಬೈತಾರ.’

‘ಯಾವತ್ತರ ಮಾಡಿದ್ದು ನೋಡೀಯೇನು?’

‘ಮೆಲ್ಲಕ ಮಾತಾಡು.’ ಸುಮಾ ಎದ್ದು ಬಾಗಿಲು ಮುಂದೆ ಮಾಡಿದಳು. ‘ನಮ್ಮ ಲೀಲಾಗ ಕುಳಗೇರಿ ಕ್ರಾಸಿನ ಗಂಡು ಗೊತ್ತಾಗೈತಿ. ಅಂಗಡಿ ಇದ್ದ ಮಂದಿ, ನಾಕ ಕಡೆ ಕೇಳಿ ಹೆಣ್ಣ ತರೋರು. ತಾಯಿ ತವರಮನ್ಯಾಗ ಇಂಥಾ ಕೂಸು ಐತಿ ಅಂತ ಸುದ್ದಿ ಹೋದ್ರ ಏನಾಗತೈತಿ ಗೊತ್ತೇನು ನಿನಗ? ಮದಿವಿ ಮುಗೀಲಿ. ಆಮ್ಯಾಲ ಎಲ್ಲಿ ಬೇಕಾದ್ರೂ ತೋರಸು. ಎರಡ ತಿಂಗಳ ತಡಿ.’

ಇಂಥಾ ಕೂಸು ಎಂಬ ಮಾತನ್ನು ಅವಳು ತಾನಾಗಿ ಆಡಿದ್ದಳು. ವೀರೇಶನಿಗೆ ಅಷ್ಟು ಸಾಕಾಯಿತು.

‘ಏಳ ತಿಂಗಳ ತಡದೀನಿ. ಇನ್ನ ತಡಿಯೂದಿಲ್ಲ. ನೀ ನನ್ನ ಜೋಡಿ ಬಾಗಲಕೋಟಿಗೆ ಬರಬೇಕು. ಡಾಕ್ಟರ ಮುಂದ ಕುಂತು ನಿನ್ನ ಬಾಯಿಲೇ ಹೇಳಬೇಕು, ನಿನ್ನ ಕೈಯಿಲೇ ಈ ಎಂಟೂ ಟಿಕ್ಕಿನ ಮ್ಯಾಲ ಗೆರಿ ಎಳದು ಕಾಟ ಹಾಕಬೇಕು. ಅಲ್ಲೀತನಕ ಲೀಲಾನ ಸೀರಿಗೆ ಕೊಂಡಿ ಬೀಳೂದಿಲ್ಲ.’

ಸುಮಾ ತಮ್ಮನನ್ನೇ ದಿಟ್ಟಿಸಿದಳು. ಅವಳೂ ನೇಕಾರನ ಮಗಳು, ಮಾತಿನ ತೂಕ ಗೊತ್ತಿತ್ತು. ಮಗ್ಗದಲ್ಲಿ ಉದ್ದಕ್ಕೆ ಹಾಯುವ ಎಳೆಗಳೇ ಹಾಸು; ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಒಂದರೊಳಗೊಂದು ತೊಡಿಸಿ ಜೋಡಿಸಬೇಕು. ಅದೇ ಕೊಂಡಿ. ಸಾವಿರಾರು ಕೊಂಡಿ ಬಿದ್ದ ಮೇಲೆಯೇ ಸೀರೆಗೆ ಸೆರಗು. ಅವರ ಮನೆತನದಲ್ಲಿ ಮದುಮಗಳು ಅಕ್ಕಿಕಾಳಿಗೆ, ಅಂದರೆ ಅಕ್ಷತೆಗೆ, ನಿಲ್ಲುವುದು ಸೋದರಮಾವ ತನ್ನ ಮಗ್ಗದಲ್ಲಿ ತಾನೇ ನೇಯ್ದ ಸೀರೆಯಲ್ಲಿ. ಸುಮಾ ನಿಂತಿದ್ದಳು, ಅವರವ್ವ ಬಾಳವ್ವ ನಿಂತಿದ್ದಳು. ಅಂಗಡಿಯ ಸೀರೆ ಉಟ್ಟು ನಿಂತರೆ ತವರಿನೊಂದಿಗೆ ಬಿರುಕು ಬಿಟ್ಟಿದೆ ಎಂದು ಓಣಿಗೆಲ್ಲ ಡಂಗುರ ಹೊಡೆದಂತೆ.

ಮರುದಿನದಿಂದ ವೀರೇಶನ ಮಗ್ಗ ನಿಂತಿತು. ಲೀಲಾಳ ಸೀರೆಯ ಹಸಿರು ಒಡಲಿನ ಹಾಸು ಮಗ್ಗದ ಮೇಲಿತ್ತು, ಸೆರಗಿನ ಕೆಂಪು ರೇಷ್ಮೆ ಗೂಟಕ್ಕೆ ತೂಗುತ್ತಿತ್ತು, ನಡುವೆ ಏನೂ ಇರಲಿಲ್ಲ. ಆ ಮಗ್ಗದ ಸದ್ದಿಲ್ಲದೆ ಓಣಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಬಂದು ಹೋಗುವವರೆಲ್ಲ ಯಾಕೆ ಎಂದು ಕೇಳತೊಡಗಿದರು. ‘ಅಕ್ಕನ್ನ ಕೇಳ್ರಿ’ ಎಂದು ಎಲ್ಲರಿಗೂ ಒಂದೇ ಉತ್ತರ ಕೊಟ್ಟ. ಬಾಳವ್ವ ಅತ್ತಳು, ಬೈದಳು, ಒಂದು ಹೊತ್ತು ಊಟ ಬಿಟ್ಟಳು. ಮಗ್ಗ ನಿಂತದ್ದಕ್ಕೆ ಬನಿ ಹಣೆ ಚಚ್ಚಿಕೊಂಡಳು. ಅದೊಂದೇ ಅವನಿಗೆ ತಡೆಯಲಾಗಲಿಲ್ಲ. ಖಾಲಿ ಲಾಳಿಯನ್ನು ಕೈಯಲ್ಲಿ ಹಿಡಿದು ಅತ್ತಿಂದಿತ್ತ ಆಡಿಸುತ್ತಾ ಅವಳ ಮುಂದೆ ಕೂತ.

ಒಂಬತ್ತನೆಯ ದಿನ ಬಂದವಳು ಲೀಲಾ. ಅಕ್ಕನ ಮಗಳು ಶಿವಲೀಲಾ ಇಪ್ಪತ್ತೆರಡರ ಹುಡುಗಿ. ಬನಿ ಹುಟ್ಟಿದಾಗಿನಿಂದ ಸೊಂಟದ ಮೇಲೆ ಹೊತ್ತು ತಿರುಗಿದವಳು. ಆಗಲೂ ಬನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ತನ್ನ ಗಾಜಿನ ಬಳೆಗಳನ್ನು ತಿರುವಲು ಬಿಟ್ಟಳು.

‘ಮಾಮಾ, ನನಗ ಸೀರಿ ಮುಖ್ಯ ಅಲ್ಲ. ಅವ್ವನ್ನ ಒಪ್ಪಿಸೀನಿ. ಸೋಮವಾರ ಕರ್ಕೊಂಡ ಹೋಗ್ರಿ.’

‘ಕುಳಗೇರಿ ಮಂದಿಗೆ ಗೊತ್ತಾದ್ರ?’

‘ನಾನ ಹೇಳೀನಿ ಅವರಿಗೆ. ನಿನ್ನೆ ಫೋನಿನ್ಯಾಗ.’ ಲೀಲಾ ತಲೆ ತಗ್ಗಿಸಿ ಬನಿಯ ಕೂದಲು ಸರಿಮಾಡಿದಳು. ‘ಹೌದೇನು ಅಂದ್ರು, ಅಷ್ಟ. ಆಮ್ಯಾಲ ಊಟಕ್ಕ ಎಷ್ಟ ಮಂದಿ ಬರತಾರ ಅಂತ ಕೇಳಿದ್ರು.’

ಇಷ್ಟಕ್ಕಾಗಿ ತನ್ನ ಮಗಳ ಏಳು ತಿಂಗಳು ಹೋಯಿತಲ್ಲ ಎಂದು ವೀರೇಶನ ಸಿಟ್ಟು ಇನ್ನಷ್ಟು ಏರಿತು.

ಸೋಮವಾರ ಹುನಗುಂದದ ಮೇಲೆ ಹೋಗುವ ಬಸ್ಸಿನಲ್ಲಿ ಅಕ್ಕ ಮುಂದೆ ಕೂತಳು, ತಮ್ಮ ಹಿಂದೆ. ಈ ಸಲ ಹೋದದ್ದು ನವನಗರದಲ್ಲಿ ಮಕ್ಕಳ ಬೆಳವಣಿಗೆಯನ್ನೇ ನೋಡುವ ಒಬ್ಬ ಹೆಣ್ಣು ಡಾಕ್ಟರ ಹತ್ತಿರ. ಅವರು ಕುರ್ಚಿ ಬಿಟ್ಟು ಚಾಪೆಯ ಮೇಲೆ ಕೂತರು. ಬನಿಯ ಮುಂದೆ ಸಾಬೂನಿನ ಗುಳ್ಳೆ ಊದಿದರು, ಚೆಂಡು ಉರುಳಿಸಿದರು, ಹೆಸರು ಕರೆದರು, ಒಂದು ಗೊಂಬೆಗೆ ಊಟ ಮಾಡಿಸುವ ಆಟ ಆಡಿದರು. ಒಂದು ತಾಸು ನೋಡಿದ ಮೇಲೆ ಕೇಳಿದರು: ‘ಇದು ಯಾವಾಗಿನಿಂದ? ಮೊದಲು ಯಾರು ಗಮನಿಸಿದ್ದು?’

‘ನಾನು’ ಎನ್ನಲು ವೀರೇಶ ಬಾಯಿ ತೆರೆದ. ಅಷ್ಟರಲ್ಲಿ ಸುಮಾ ಮಾತಾಡಿದಳು.

‘ಹನ್ನೊಂದನೇ ತಿಂಗಳಿಗ್ರಿ. ತೂಕ ಮಾಡಾಕ ಕರ್ಕೊಂಡ ಬಂದಿದ್ರು. ಹೆಸರ ಹಿಡದು ಐದಾರ ಸರತಿ ಕರದೆ, ನೋಡ್ಲಿಲ್ಲ. ಗಿಲಕಿ ಬಾರಿಸಿದೆ, ತಿರುಗಿದ್ಲು. ಗಿಲಕಿನ್ನ ನೋಡಿದ್ಲು, ನನ್ನ ನೋಡ್ಲಿಲ್ಲ. ಟ್ರೇನಿಂಗಿನ್ಯಾಗ ನಮಗ ಹೇಳಿರತಾರ್ರಿ. ನನಗ ಅವತ್ತ ಗೊತ್ತಾತು.’

‘ಗೊತ್ತಾಗಿ?’

‘ಗೊತ್ತಾಗಿ ಟಿಕ್ ಹಾಕಿದೆ.’

ಅಕ್ಕ ನೋಡದೆ ಬರೆದಳು, ಸೋಮಾರಿತನ ಮಾಡಿದಳು, ಆಮೇಲೆ ಲೀಲಾಳ ಸಲುವಾಗಿ ಮುಚ್ಚಿಟ್ಟಳು ಎಂದೇ ಇಷ್ಟು ದಿನ ಅವನು ತಿಳಿದಿದ್ದ. ಅವಳು ನೋಡಿದ್ದಳು. ಅವನಿಗಿಂತ ಮೊದಲು ನೋಡಿದ್ದಳು. ತಾನು ಕೊಟ್ಟ ಕರದಂಟು ತಿನ್ನುವಾಗಲೂ ಅವಳಿಗೆ ಗೊತ್ತಿತ್ತು. ವೀರೇಶ ಪೆನ್ನು ತೆಗೆದು ಅಕ್ಕನ ಕೈಗೆ ಕೊಟ್ಟ. ಸುಮಾ ಒಂದೊಂದೇ ಚೌಕ ಗಟ್ಟಿಯಾಗಿ ಓದಿ ಕಾಟು ಹಾಕುತ್ತಾ ಹೋದಳು. ಆರನೆಯದಕ್ಕೆ ಬರುವಷ್ಟರಲ್ಲಿ ಬನಿ ಬಂದು ಅವಳ ಮಣಿಕಟ್ಟು ಹಿಡಿದು, ಪೆನ್ನಿದ್ದ ಆ ಕೈಯನ್ನು ಸಾಬೂನಿನ ಗುಳ್ಳೆಯ ಬಾಟಲಿಯ ಮೇಲೆ ಇಟ್ಟಳು, ಮುಖ ನೋಡದೆ. ಸುಮಾ ಅಳತೊಡಗಿದಳು. ವೀರೇಶನಿಗೆ ಅದು ಹಿತವೆನಿಸಿತು. ‘ಇನ್ನ ಮೂರ ಅದಾವ’ ಎಂದ.

ಡಾಕ್ಟರು ಆಟಿಸಂ ಎಂದರು. ಅದು ರೋಗವಲ್ಲ, ಬನಿ ಇರುವ ರೀತಿ. ಮಾತನ್ನೂ ಮಾತಿಲ್ಲದೆ ಕೇಳುವುದನ್ನೂ ಕಲಿಸಬಹುದು, ಎರಡೂವರೆ ವರ್ಷಕ್ಕೆ ಬಂದದ್ದು ಒಳ್ಳೆಯದಾಯಿತು, ವಾರಕ್ಕೆರಡು ಸಲ ಕರೆತನ್ನಿ ಎಂದರು. ವೀರೇಶ ಒಂದೇ ಪ್ರಶ್ನೆ ಕೇಳಿದ.

‘ಏಳ ತಿಂಗಳ ಹಿಂದ ಹಿಂಗ ಹೇಳೋರು ಸಿಕ್ಕಿದ್ರ?’

ಡಾಕ್ಟರು ಕಾರ್ಡು ಮಡಚಿ ಅವನ ಕೈಗೆ ಕೊಟ್ಟರು. ‘ಏಳು ತಿಂಗಳು ಹೆಚ್ಚು ಸಿಗುತ್ತಿತ್ತು,’ ಎಂದರು.

ತಿರುಗಿ ಬರುವ ಬಸ್ಸಿನಲ್ಲಿ ಸುಮಾ ಹಿಂದೆ ಬಂದು ಅವನ ಪಕ್ಕ ಕೂತಳು. ‘ತಪ್ಪಾತು ತಮ್ಮಾ,’ ಎಂದಳು. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಅವಳು ನಿಜವಾಗಿ ಕುಗ್ಗಿದ್ದಳು, ಅದು ಅವನಿಗೆ ಕಾಣುತ್ತಿತ್ತು. ಬೇರೆ ಯಾರಾದರೂ ಅಲ್ಲಿಗೆ ಬಿಡುತ್ತಿದ್ದರು. ಆದರೆ ಇವನು ಬುಗುರಿಯನ್ನೇ ಹದಿನಾರು ವರ್ಷ ಬಿಡದವನು. ಹನ್ನೊಂದನೆಯ ತಿಂಗಳಿನಿಂದ ಎಣಿಸಿದರೆ ಲೆಕ್ಕ ಎಲ್ಲಿಗೋ ಹೋಗುತ್ತಿತ್ತು. ದವಾಖಾನೆಯ ಬಾಗಿಲಿಗೆ ಹೋಗಿ ಅವಳ ಟಿಕ್ಕಿನಿಂದ ವಾಪಸಾದ ಏಳು ತಿಂಗಳನ್ನು ಮಾತ್ರ ಅಕ್ಕನ ತಲೆಗೆ ಕಟ್ಟಿದ. ಅಷ್ಟರ ಮಟ್ಟಿಗೆ ಅವನು ನ್ಯಾಯಸ್ಥ.

ಮಾತು ಕೊಟ್ಟಿದ್ದನಾದ್ದರಿಂದ ಮರುದಿನವೇ ಕೊಂಡಿಗೆ ಕೂತ. ಎದುರಿಗೆ ರಂಜಾನಬಿ ಕೂತು ಹಸಿರು ಎಳೆ ಎತ್ತಿಕೊಟ್ಟಳು, ಅವನು ಕೆಂಪು ಎಳೆ ತೊಡಿಸಿ ಬಿಗಿದ. ಎರಡನೆಯ ದಿನ ಅರ್ಧ ದಾಟಿದ್ದಾಗ ಅವನ ಬೆರಳು ಒಂದು ಎಳೆಯನ್ನು ಹಾಗೇ ಬಿಟ್ಟು ಮುಂದೆ ಹೋಯಿತು.

‘ತಮ್ಮಾ, ಒಂದ ಬಿಟ್ಟಿ,’ ಎಂದಳು ರಂಜಾನಬಿ.

‘ಗೊತ್ತೈತಿ.’

ರಂಜಾನಬಿ ಕೈ ನಿಲ್ಲಿಸಿದಳು. ಎಲ್ಲಾ ಎಳೆ ಬಿಗಿಯಾಗಿರುವಲ್ಲಿ ಒಂದು ಸಡಿಲ ಬಿಟ್ಟು ಗಂಜಿ ಹಚ್ಚಿ ಮಲಗಿಸಿದರೆ ಕಣ್ಣಿಗೆ ಕಾಣುವುದಿಲ್ಲ. ನಾಲ್ಕು ಸಲ ಉಟ್ಟಮೇಲೆ ಅಲ್ಲಿಂದಲೇ ಸೆರಗು ಕಿತ್ತುಕೊಂಡು ಬರುತ್ತದೆ. ‘ಉಡಾಕಿ ಸುಮಾ ಅಲ್ಲ, ಲೀಲಾ,’ ಎಂದಳು. ವೀರೇಶ ಬಹಳ ಹೊತ್ತು ಆ ಎಳೆಯನ್ನು ನೋಡಿದ. ಬನಿ ಪಕ್ಕದಲ್ಲಿ ಕೂತು ಲೀಲಾ ಬಿಚ್ಚಿ ಕೊಟ್ಟುಹೋಗಿದ್ದ ಎರಡು ಬಳೆಗಳನ್ನು ನೆಲದ ಮೇಲೆ ತಿರುವುತ್ತಿದ್ದಳು. ಅವನು ಹಿಂದಕ್ಕೆ ಬಂದು ಬಿಟ್ಟ ಎಳೆಗೆ ಕೊಂಡಿ ಹಾಕಿದ. ಆಮೇಲೆ ಅವನ ಮುಖದಲ್ಲಿ ಏನೋ ಹೊಳೆಯಿತು. ಅದು ಒಳ್ಳೆಯ ಹೊಳಪಾಗಿರಲಿಲ್ಲ. ಮುಗಿದ ಮೇಲೆ ಈ ಅಂಚಿನಿಂದ ಆ ಅಂಚಿಗೆ ಎರಡು ಸಲ ಬೆರಳಾಡಿಸಿ ಪರೀಕ್ಷೆ ಮಾಡಿದ. ಅವನ ಕೈಯಿಂದ ಅಂಥ ಸೀರೆ ಹಿಂದೆ ಬಂದಿರಲಿಲ್ಲ.

ಮದುವೆಯ ಹಿಂದಿನ ದಿನ ಸೀರೆ ಒಯ್ದಾಗ ಅಕ್ಕನ ಮನೆ ತುಂಬ ಹೆಂಗಸರಿದ್ದರು. ಸೆರಗು ಬಿಚ್ಚಿ ಹಿಡಿದು ಎಲ್ಲರೂ ಹೊಗಳಿದರು. ಸುಮಾ ಕಣ್ಣೊರೆಸಿಕೊಂಡು ತಮ್ಮನ ಕೈ ಹಿಡಿಯಲು ಬಂದಳು. ಅವನು ಅವಳನ್ನು ಹಿತ್ತಲ ಬಾಗಿಲಿಗೆ ಕರೆದ.

‘ಅಕ್ಕಾ, ಕೊಂಡಿ ಸಾಲಿನ್ಯಾಗ ಒಂದ ಬಿಟ್ಟೇನಿ. ಗಂಜಿ ಹಚ್ಚಿ ಕೂಡಿಸೀನಿ, ಹಂಗ ನೋಡಿದ್ರ ಕಾಣೂದಿಲ್ಲ. ನಾಳಿ ಏನೂ ಆಗಾಕಿಲ್ಲ. ಮುಂದ ಎಂದರ ಆದೀತು.’

ಸುಮಾ ಒಳಗೆ ಸೀರೆಯತ್ತ ತಿರುಗಿ ನೋಡಿದಳು. ‘ಎಲ್ಲೈತಿ?’

‘ನೋಡ್ಕೊ. ನಿನಗ ನೋಡಾಕ ಬರತೈತಲ್ಲ.’

ಮದುವೆಯಲ್ಲಿ ಅಕ್ಕಿಕಾಳು ಬೀಳುವಾಗ ಎಲ್ಲರೂ ಮದುಮಗಳ ಮುಖ ನೋಡಿದರು, ತಾಯಿ ಸೆರಗು ನೋಡಿದಳು. ಲೀಲಾ ಬಗ್ಗಿದರೆ ಸುಮಾ ಉಸಿರು ಹಿಡಿಯುತ್ತಿದ್ದಳು. ಯಾರೋ ಹುಡುಗಿ ಸೆರಗು ಎಳೆದು ಸರಿಮಾಡಲು ಹೋದರೆ ಗದರಿದಳು. ಕುಳಗೇರಿ ಕ್ರಾಸಿನ ಬೀಗರು ಬಂದು, ನಿಮ್ಮ ತಮ್ಮನ ಮಗಳೆಲ್ಲಿ, ನೋಡಬೇಕು ಎಂದು ಕೇಳಿ ಬನಿಗೆ ಒಂದು ಗಿಲಕಿ ಕೊಟ್ಟರು. ಸುಮಾಳಿಗೆ ಅದೂ ಕಿವಿಗೆ ಬೀಳಲಿಲ್ಲ. ಊಟದ ಸಾಲಿನಲ್ಲಿ ವೀರೇಶ ಎರಡು ಸಲ ಹೋಳಿಗೆ ಹಾಕಿಸಿಕೊಂಡ.

ಆಮೇಲಿನದನ್ನು ಅವನು ಓಣಿಯ ಬಾಯಿಂದಲೇ ಕೇಳಿದ. ಸುಮಾ ಸೀರೆಯನ್ನು ಮಗಳ ಜೊತೆ ಕಳಿಸದೆ ಇಟ್ಟುಕೊಂಡಳು. ಮತ್ತೆ ಕಳಿಸಿದಳು. ಮತ್ತೆ ತರಿಸಿಕೊಂಡಳು. ಓಣಿಯ ಹಿರಿಯ ನೇಕಾರ ಈರಪ್ಪಜ್ಜನ ಬಳಿ ಒಯ್ದಳು. ಅಜ್ಜ ಚಸ್ಮಾ ಏರಿಸಿ, ಬಿಸಿಲಿಗೆ ಹಿಡಿದು, ಸಾಲು ಪೂರಾ ನೋಡಿದ. ‘ಏನೂ ಇಲ್ಲಬೇ, ಚೊಲೊ ಕೊಂಡಿ ಅದಾವ. ದೋಷ ನಿನ್ನ ಕಣ್ಣಾಗೈತಿ,’ ಎಂದ. ಅವಳು ಒಪ್ಪಲಿಲ್ಲ, ಹೇಗೆ ಒಪ್ಪಿಯಾಳು? ಅಂಗನವಾಡಿಯಲ್ಲಿ ಮಕ್ಕಳು ಮಲಗಿದಾಗ ಕಿಟಕಿಯ ಬೆಳಕಿಗೆ ಕೂತು ಒಂದೊಂದೇ ಎಳೆ ಮುಟ್ಟಿ ನೋಡುತ್ತಾಳೆ, ಅರ್ಧಕ್ಕೆ ಬಂದಾಗ ಎಣಿಕೆ ತಪ್ಪುತ್ತದೆ, ಮತ್ತೆ ಮೊದಲಿಂದ. ಬಂದವರಿಗೆಲ್ಲ ತೋರಿಸುತ್ತಾಳೆ. ಬಂದವರೆಲ್ಲ ಏನೂ ಇಲ್ಲ ಎನ್ನುತ್ತಾರೆ. ಆದರೆ ಈಗ ಅವಳು ಒಂದು ಕೂಸಿನ ಕಾರ್ಡನ್ನೂ ಕೂಸನ್ನು ನೋಡದೆ ತುಂಬುವುದಿಲ್ಲವಂತೆ. ಅದು ಒಳ್ಳೆಯದಾಯಿತು ಎಂದು ವೀರೇಶನೂ ಒಪ್ಪುತ್ತಾನೆ.

ಮದುವೆ ಮುಗಿದು ನಾಲ್ಕು ತಿಂಗಳಾಯಿತು. ವಾರಕ್ಕೆರಡು ಸಲ ಅಪ್ಪ ಮಗಳು ಬಾಗಲಕೋಟೆಗೆ ಹೋಗುತ್ತಾರೆ. ಉಳಿದ ದಿನ ಡಾಕ್ಟರು ಹೇಳಿಕೊಟ್ಟಂತೆ ಮಗ್ಗದಲ್ಲೇ ಪಾಠ. ಬನಿ ಕೈ ಎಳೆದಾಗ ವೀರೇಶ ಕೂಡಲೇ ಲಾಳಿ ಎಸೆಯುವುದಿಲ್ಲ. ಲಾಳಿಯನ್ನು ತನ್ನ ಕಣ್ಣಿನ ಪಕ್ಕಕ್ಕೆ ಹಿಡಿದು ಕಾಯುತ್ತಾನೆ. ಮೊದಮೊದಲು ಅವಳು ಚೀರುತ್ತಿದ್ದಳು. ಈಗ ಲಾಳಿ ನೋಡಲು ಬಂದ ಕಣ್ಣು ಒಂದು ಕ್ಷಣ ಅವನ ಕಣ್ಣಿಗೆ ತಾಗುತ್ತದೆ. ತಾಗಿದ ಕೂಡಲೇ ಅವನು ಎಸೆಯುತ್ತಾನೆ. ‘ಅಪ’ ಇನ್ನೂ ಬಂದಿಲ್ಲ.

ಅಂಥ ಒಂದು ಮಧ್ಯಾಹ್ನ ನೂಲು ಸುತ್ತುತ್ತಾ ಕೂತಿದ್ದ ರಂಜಾನಬಿ ಕೇಳಿದಳು. ಇಷ್ಟು ದಿನ ಸುಮಾ ಎಷ್ಟು ಸಲ ಗೋಗರೆದರೂ ಅವಳು ಬಾಯಿ ಬಿಟ್ಟಿರಲಿಲ್ಲ. ಎಂಟು ವರ್ಷ ಕಳೆದುಕೊಂಡ ತಂಗಿಯ ಮೊಮ್ಮಗ ಅವಳ ಕಣ್ಣ ಮುಂದೆಯೇ ಇದ್ದ, ಸುಮಾಳ ಮೇಲೆ ಅವಳಿಗೂ ಸಿಟ್ಟಿತ್ತು.

‘ನಿನ್ನೆ ಮತ್ತ ಬಂದಿದ್ಲು ನಿಮ್ಮಕ್ಕ. ಸೊರಗಿ ಕಡ್ಡಿ ಆಗ್ಯಾಳ. ಎಲ್ಲಾ ಕೊಂಡಿ ನಾವಿಬ್ರೂ ಕೂಡೇ ಹಾಕೇವಿ, ಒಂದೂ ಬಿಟ್ಟಿಲ್ಲ. ಯಾಕ ಸುಳ್ಳ ಹೇಳಿದಿ?’

‘ಆಕಿ ತಪ್ಪ ಇದ್ದಲ್ಲೆ ಸರಿ ಅಂತ ಬರದ್ಲು. ನಾ ಸರಿ ಇದ್ದಲ್ಲೆ ತಪ್ಪ ಐತಿ ಅಂದೆ.’

‘ಆತು, ಅಂದಿ. ಯಾವಾಗ ಖರೆ ಹೇಳ್ತಿ?’

ಬನಿ ಅವನ ಮಣಿಕಟ್ಟು ಹಿಡಿದಳು. ವೀರೇಶ ಲಾಳಿಯನ್ನು ಕಣ್ಣಿನ ಪಕ್ಕಕ್ಕೆ ಎತ್ತಿ ಹಿಡಿದು ಮಗಳಿಗಾಗಿ ಕಾದ.

‘ಇನ್ನ ಮೂರ ತಿಂಗಳ ಐತಿ,’ ಎಂದ.